ಮುಳ್ಳಿನ ರಾಶಿ

ಬೆಳಗಿನ ಪಾಳಿ ಮುಗಿಸಿ ಪ್ರಿಸಿಲ್ಲಾ ಮಂಗಲಪೇಟದ ಮನೆಗೆ ಬಂದಾಗ ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ಚೀಲವನ್ನು ಬಾಗಿಲಲ್ಲೇ ಬಿಟ್ಟು, ನರ್ಸಿನ ಸೀರೆಯಲ್ಲೇ ಒಳಗೆ ಓಡಿದಳು. ಗಂಡ ಅಮೋಸ ಹಿಂಬಾಗಿಲ ಹತ್ತಿರ ವ್ಹೀಲ್‌ಚೇರಿನಲ್ಲಿ ಕುಳಿತಿದ್ದ. ಕೈಗಳಿಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದ.

“ಏನರಿ ಅದು ಹೊಗಿ?”

“ಆ ಮುಳ್ಳಿನ ರಾಶಿ. ನಾನೇ ಹಚ್ಚಿದೆ. ಹಣಮಂತಪ್ಪ ಇವತ್ತೂ ಬರಲಿಲ್ಲ.”

ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿದ್ದ ಅಮೋಸನ ಎರಡೂ ಕಾಲು ಭಾಲ್ಕಿ ರಸ್ತೆಯ ಅಪಘಾತದಲ್ಲಿ ಮೊಣಕಾಲಿನಿಂದ ಕೆಳಗೆ ಹೋಗಿ ಏಳು ತಿಂಗಳಾಗಿತ್ತು. ಅವನು ಹಾಸಿಗೆ ಬಿಟ್ಟು ಗಾಳಿಗೆ ಬರಲಿ ಎಂದೇ ಪ್ರಿಸಿಲ್ಲಾ ಹಿತ್ತಲಲ್ಲಿ ಗಾಲಿ ಉರುಳುವಂತೆ ಚಪ್ಪಟೆ ಫರಸಿ ಕಲ್ಲಿನ ದಾರಿ ಹಾಕಿಸಿದ್ದಳು. ಅಡ್ಡವಿದ್ದ ಕಾಗದದ ಹೂವಿನ ಮುಳ್ಳುಬೇಲಿಯಲ್ಲಿ ಬುಲ್‌ಬುಲ್ ಗೂಡು ಕಂಡಾಗ ಹದಿನೈದು ದಿನ ಕೆಲಸ ನಿಲ್ಲಿಸಿದಳು. ಮರಿ ಹಾರಿದ ಮೇಲೆಯೇ ಬೇಲಿಗೆ ಕೊಡಲಿ ಬಿತ್ತು. ಇನ್ನು ಮೂಲೆಯ ಕಲ್ಲುಗುಂಪಿನಲ್ಲಿ ಮುಂಗುಸಿ ಮರಿ ಹಾಕಿತ್ತು.

“ಈ ಕಲ್ಲ ತೆಗದ್ರ ದಾರಿ ಗೋಡಿ ತನಕ ಸೀದಾ ಹೋಗ್ತದರಿ, ಅಕ್ಕೋರ,” ಎಂದಿದ್ದ ಕೆಲಸಕ್ಕೆ ಬಂದ ಹಣಮಂತಪ್ಪ.

“ಬ್ಯಾಡ. ಮರಿ ದೊಡ್ಡವು ಆಗೋತನಕ ಒಂದು ಕಲ್ಲೂ ಮುಟ್ಟಬ್ಯಾಡ. ದಾರಿ ಇಲ್ಲೇ ನಿಲ್ಲಲಿ.”

ದಾರಿ ಗೋಡೆಗೆ ಹತ್ತು ಹೆಜ್ಜೆ ಮೊದಲೇ ನಿಂತಿತು. ಕಡಿದ ಮುಳ್ಳನ್ನು ಹಣಮಂತಪ್ಪ ಗೋಡೆಯ ಇನ್ನೊಂದು ತುದಿಗೆ ಒಟ್ಟಿದ. ಅದನ್ನು ಒಯ್ಯಲು ಟ್ರ್ಯಾಕ್ಟರ್ ತರುತ್ತೇನೆಂದು ಹೋದವನು, ಜನವಾಡದಲ್ಲಿ ತಂಗಿಯ ಮದುವೆಯೆಂದು ಹತ್ತು ದಿನವಾದರೂ ಬಂದಿರಲಿಲ್ಲ.

“ಕಲ್ಲಿನ ಕಡಿ ಬೆಂಕಿ ಹೋಗಿಲ್ಲಲ್ಲ?” ಎಂದಳು ಪ್ರಿಸಿಲ್ಲಾ.

“ಇಲ್ಲ. ಅಲ್ಲಿಗಿ ಹೋಗಿಲ್ಲ.” ಅವನು ಅವಳ ಮುಖ ನೋಡಲಿಲ್ಲ. “ಈಗ ಹೋಗಬ್ಯಾಡ, ಬಿಸಿ ಅದ. ಮೊದಲ ಉಣ್ಣು.”

ಅವಳು ಹೋದಳು. ಕಲ್ಲುಗುಂಪಿಗೆ ಬೆಂಕಿಯ ಸೋಂಕೂ ಇರಲಿಲ್ಲ. ಕೆಳಗಿನ ಬಿಲಕ್ಕೆ ಬಗ್ಗಿ ನೋಡಿದಳು. ಬಿಲದ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಕಲ್ಲು ಬಡಿಯುವ ಸದ್ದಿಗೆ ತಾಯಿ ಮರಿಗಳನ್ನು ಯಾವಾಗಲೋ ಬಾಯಲ್ಲಿ ಕಚ್ಚಿ ಬೇರೆ ಕಡೆ ಒಯ್ದಿತ್ತು. ಎಲ್ಲಿಗೆ ಎಂಬುದು ಹೊಳೆದು ಅವಳು ಸುಟ್ಟ ಮುಳ್ಳಿನ ರಾಶಿಯತ್ತ ಓಡಿದಳು.

ಸಲಿಕೆಯಿಂದ ಬೂದಿ ಸರಿಸಿದಳು. ತಳದಲ್ಲಿ ಮೂರು ಮರಿಗಳು ಒಂದರ ಮೇಲೊಂದು ಕರಕಾಗಿದ್ದವು. ನಾಲ್ಕನೆಯದು ರಾಶಿಯ ಹೊರಗೆ, ಮಣ್ಣಿನ ಮೇಲೆ ಮಲಗಿತ್ತು. ಅರ್ಧ ಮೈ ಸುಟ್ಟಿತ್ತು, ಉಸಿರು ನಿಂತಿತ್ತು. ಪಕ್ಕದಲ್ಲಿ ಅಮೋಸನ ನೀರಿನ ಬಾಟಲಿ ಖಾಲಿ ಬಿದ್ದಿತ್ತು.

ಆಗ ಅವಳು ನೆಲ ನೋಡಿದಳು. ಫರಸಿ ಮುಗಿದಲ್ಲಿಂದ ಮುಂದೆ ಎರಡು ಗಾಲಿಯ ಗುರುತು. ಮೂರು ಹೆಜ್ಜೆಯಾಚೆ ಅವು ಕೆಂಪು ಮಣ್ಣಿನಲ್ಲಿ ಹೂತು ನಿಂತಿದ್ದವು. ಅಲ್ಲಿಂದ ಬೂದಿಯವರೆಗೆ ಯಾರೋ ಮೈ ಎಳೆದುಕೊಂಡು ಹೋದ ಜಾಡು, ಅಕ್ಕಪಕ್ಕದಲ್ಲಿ ಅಂಗೈ ಊರಿದ ಗುರುತು. ಹಾಗೆಯೇ ತೆವಳಿ ಅವನು ಕುರ್ಚಿಗೆ ಮರಳಿ, ಅದನ್ನು ಹೇಗೋ ಮಣ್ಣಿನಿಂದ ಹಿಂದಕ್ಕೆ ಎಳೆದುಕೊಂಡಿದ್ದ.

ಗೋಡೆಯ ಬುಡದಲ್ಲಿ ಕುಣಿ ತೋಡಿ ನಾಲ್ಕನ್ನೂ ಮುಚ್ಚಿ ಅವಳು ಒಳಗೆ ಬಂದಳು. ಅವನ ಮುಂದೆ ನೆಲಕ್ಕೆ ಕುಳಿತು ಟವೆಲ್ ಬಿಚ್ಚಿದಳು. ಅಂಗೈಯೆಲ್ಲ ಬೊಬ್ಬೆ ಎದ್ದಿತ್ತು; ಬೆರಳಲ್ಲಿ ಮುಳ್ಳು ಮುರಿದಿದ್ದವು. ಒಂದೊಂದೇ ಮುಳ್ಳು ಕಿತ್ತು ಮುಲಾಮು ಹಚ್ಚತೊಡಗಿದಳು.

“ಪೇಪರಿನ ಉಂಡಿ ಹಚ್ಚಿ ದಾರಿ ಮ್ಯಾಲಿಂದೇ ಒಗದೆ,” ಎಂದ ಅಮೋಸ. “ಮೊದಲನೇ ಸಲಕ್ಕೇ ಸರಿಯಾಗಿ ಬಿತ್ತು. ನನಗ ಖುಷಿ ಆಯ್ತು ನೋಡು. ಇಷ್ಟು ದಿನದಾಗ ಒಂದು ಕೆಲಸ ನಾ ಒಬ್ಬನೇ ಮಾಡಿದೆ ಅಂತ. ಆಮ್ಯಾಲ ದನಿ ಕೇಳಿತು.”

ಅವಳು ಇನ್ನೊಂದು ಮುಳ್ಳು ಕಿತ್ತಳು.

“ಎಷ್ಟಿದ್ವು?” ಎಂದು ಕೇಳಿದ.

“ನಾಕು.”

“ನಾ ಹೊರಗ ಎಳದದ್ದು ಸೇರಿ?”

“ಸೇರಿ.”

ಅವಳು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅದು ಭಾಳ ಹೊತ್ತು ಉಸಿರಾಡ್ತು, ಪ್ರಿಸಿಲ್ಲಾ. ನೀ ಬರೋತನಕ ಇರ್ತದ ಅನ್ಕೊಂಡಿದ್ದೆ.”

“ನಾ ಇದ್ರೂ ಉಳೀತಿರಲಿಲ್ಲರಿ,” ಎಂದಳು. ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಎಷ್ಟೋ ಮಂದಿಗೆ ಹೇಳಿದ ಮಾತು. ಈ ಸಲ ಅದು ನಿಜವೋ ಅಲ್ಲವೋ ಅವಳಿಗೇ ತಿಳಿದಿರಲಿಲ್ಲ.

ಬಿಸಿಲು ಇಳಿಯುವಾಗ ತಾಯಿ ಮುಂಗುಸಿ ಗೋಡೆಯ ಮೇಲಿಂದ ಇಳಿದು ಬಂತು. ಬಾಯಲ್ಲಿ ಒಂದು ಇಲಿ ಇತ್ತು. ಬೂದಿಯ ಸುತ್ತ ಎರಡು ಸಲ ತಿರುಗಿತು, ಮೂಸಿತು, ಹಿಂದಿನ ಕಾಲ ಮೇಲೆ ನಿಂತು ಅತ್ತಿತ್ತ ನೋಡಿತು. ಬಾಗಿಲಲ್ಲಿ ಗಂಡ ಹೆಂಡತಿ ಅಲುಗಾಡದೆ ನೋಡುತ್ತಿದ್ದರು. ಮುಂಗುಸಿ ಇಲಿಯನ್ನು ಬೂದಿಯ ಅಂಚಿನಲ್ಲಿ ಮೆಲ್ಲಗೆ ಇಟ್ಟು, ಪಕ್ಕದಲ್ಲಿ ಕುಳಿತು ಕಾಯತೊಡಗಿತು.