ಡುಗ್ಗಾದಲ್ಲಿ ವರಪರೀಕ್ಷೆ

ಮೂವರು ಹೆಂಗಸರಲ್ಲಿ ಒಬ್ಬಳು ಅವಳು. ಯಾರು ಎಂಬುದನ್ನು ಡುಗ್ಗಾದ ರೋಮನ್ ಹಾಳೂರಿನ ಬಯಲು ರಂಗಮಂದಿರದ ಮೆಟ್ಟಿಲು ಹತ್ತಿ ಮುಗಿಯುವುದರೊಳಗೆ ಮಹರೆಜ್ ಕಂಡುಹಿಡಿಯಬೇಕಿತ್ತು.

ಸುದ್ದಿ ತಂದವನು ಬೇಜಾ ಊರಿನ ದಾರಿಯಲ್ಲಿ ವ್ಯಾನು ಓಡಿಸುವ ಗೆಳೆಯ ಹಮ್ಮಾದಿ. ಮಹರೆಜ್ ಮದುವೆಯಾಗಬೇಕೆಂದಿದ್ದ ವಿದಾದ್‌ಳ ಮನೆ ಅವನ ಮನೆಯ ಪಕ್ಕದಲ್ಲೇ. ಹುಡುಗಿ ಮಹರೆಜ್‌ನನ್ನು ಒಪ್ಪಿದ್ದಳು, ಅವಳ ತಂದೆಯೂ ಒಪ್ಪಿದ್ದ. ಆದರೆ ಆ ಮನೆಯಲ್ಲಿ ಕೊನೆಯ ಮಾತು ತಂದೆಯದಲ್ಲ, ಅವನ ಅಕ್ಕ ಶಾದ್ಲಿಯಾಳದು. ಹೆಣ್ಣು ಕೇಳಲು ಬಂದಾಗ ಎಲ್ಲ ಗಂಡಸರೂ ಸಾಧುಗಳೇ ಎಂದು ನಂಬಿದ್ದ ಆಕೆ, ಇಂದು ದೂರದ ಸ್ಫಾಕ್ಸ್‌ನಿಂದ ಬಂದು, ಎಲ್ಲರಂತೆ ಟಿಕೆಟ್ ಕೊಂಡು, ಪ್ರವಾಸಿಗಳ ನಡುವೆ ನಿಂತು ಹುಡುಗನನ್ನು ನೋಡುವವಳಿದ್ದಳು. ಆಕೆಯ ಮುಖವನ್ನು ಹಮ್ಮಾದಿಯೂ ಕಂಡಿರಲಿಲ್ಲ.

"ನಿಂಗೆ ಗೊತ್ತು ಅಂತ ಮಾತ್ರ ತೋರಿಸ್ಕೋಬೇಡ ಮಾರಾಯ," ಎಂದಿದ್ದ ಅವನು. "ನಾನು ಬಾಯಿಬಿಟ್ಟೆ ಅಂತಾದ್ರೆ ನನ್ನ ಚರ್ಮ ಸುಲಿದುಬಿಡ್ತಾರೆ."

ಮಹರೆಜ್‌ಗೆ ಪ್ರವಾಸಿಗಳೆಂದರೆ ಮೈಯೆಲ್ಲ ಉರಿ. ಹೊಟ್ಟೆಪಾಡಿಗೆ ಗೈಡ್ ಆಗಿದ್ದನೇ ಹೊರತು ಈ ಜಾತಿಯ ಜನರನ್ನು ಕಂಡರೆ ಅವನಿಗೆ ಆಗದು. ರೋಮನ್ನರು ಈ ಗುಡ್ಡದ ಮೇಲೆ ಕಲ್ಲು ಬಿಟ್ಟುಹೋದರು, ಇವರು ಮೊಟ್ಟೆಯ ಸಿಪ್ಪೆ ಬಿಟ್ಟುಹೋಗುತ್ತಾರೆ. ದೇವಾಲಯದ ಕಂಬಗಳ ಕೆಳಗೆ ನಿಂತು ಆಕಳಿಸುವವರು ರೋಮನ್ನರ ಕಕ್ಕಸು ಕಂಡೊಡನೆ ಜೀವ ಬಂದಂತೆ ಓಡುತ್ತಾರೆ, ಅದರ ಮೇಲೆ ಸಾಲಾಗಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇವನ್ನು ಯಾರು ಕಟ್ಟಿದರು ಎಂದು ಯಾವನಾದರೂ ಕೇಳಿದರೆ, ನಿಮ್ಮ ತಾತನಂತೂ ಅಲ್ಲ ಎಂಬ ಉತ್ತರ ಸಿದ್ಧವಿರುತ್ತಿತ್ತು. ಇಂದೂ ಆ ಉತ್ತರ ಕೊಟ್ಟಾಗಿತ್ತು.

ಮೂವರಲ್ಲಿ ಒಬ್ಬಳು ಗಂಡನ ಜೊತೆ ಬಂದು ದಾರಿಯುದ್ದಕ್ಕೂ ಅವನ ತಲೆ ತಿನ್ನುತ್ತಿದ್ದಳು. ಗುಟ್ಟಾಗಿ ನೋಡಲು ಬಂದವಳು ಅಂಥ ಗದ್ದಲವನ್ನು ಕಟ್ಟಿಕೊಂಡು ಬರುವುದಿಲ್ಲ. ಎರಡನೆಯವಳು ಬಿಳಿ ಸೆರಗು ಹೊದ್ದ ಮುದುಕಿ. ಕಂಬಗಳತ್ತ ಕಣ್ಣು ಹಾಯಿಸದೆ, ನೀನು ಯಾರ ಮಗ, ಅಣ್ಣತಮ್ಮಂದಿರು ಎಷ್ಟು, ತಾಯಿ ಇದ್ದಾಳೋ ಎಂದು ಬೆನ್ನುಹತ್ತಿದ್ದಳು. ಮೂರನೆಯವಳು ಕಪ್ಪು ಕನ್ನಡಕದ, ಒಪ್ಪವಾಗಿ ಉಟ್ಟುತೊಟ್ಟ ಹೆಂಗಸು. ಮಾತಿಲ್ಲ, ಕತೆಯಿಲ್ಲ. ಆದರೆ ಆಕೆ ನೋಡುತ್ತಿದ್ದದ್ದು ಕಲ್ಲುಗಳನ್ನಲ್ಲ, ಮಹರೆಜ್‌ನ ಬೂಟುಗಳನ್ನು.

ಸಿಕ್ಕಿಬಿದ್ದಳು ಎಂದುಕೊಂಡ ಮಹರೆಜ್.

ಅಲ್ಲಿಂದ ಮುಂದೆ ಅವನು ಬೇರೆಯೇ ಮನುಷ್ಯ. ಕನ್ನಡಕದಾಕೆಗೆ ಮೆಟ್ಟಿಲಲ್ಲಿ ಕೈ ಕೊಟ್ಟ. ಕೂರಬೇಕಾದ ಕಲ್ಲನ್ನು ತನ್ನ ಕರವಸ್ತ್ರದಿಂದ ಒರೆಸಿದ. ಬಿಸಿಲು ಏರಿದಾಗ ತನ್ನ ಹುಲ್ಲಿನ ಟೋಪಿಯನ್ನು ಆಕೆಯ ತಲೆಗೇ ಇಟ್ಟ. ಮುದುಕಿ ಮತ್ತೆ ಹತ್ತಿರ ಬಂದು, ಸಂಪಾದನೆ ಹೇಗೆ ಎಂದು ಶುರುಮಾಡಿದಳು.

"ಅಜ್ಜೀ, ನೀವು ಬಂದದ್ದು ಕಲ್ಲು ನೋಡೋಕೋ, ನನ್ನ ಕುಲಗೋತ್ರ ಕೆದಕೋಕೋ?" ಎಂದು ಗದರಿದ. "ಸುಮ್ನೆ ನಡೀರಿ ಅತ್ಲಾಗೆ."

ಹಳೆಯ ಸ್ನಾನಗೃಹದ ನೆಲದಲ್ಲಿ ಬಣ್ಣದ ಹರಳುಗಳ ಚಿತ್ರವೊಂದು ಧೂಳು ಹಿಡಿದು ಮಲಗಿತ್ತು. ಉಳಿದವರನ್ನು ಏನೂ ಇಲ್ಲ ನಡೆಯಿರಿ ಎಂದು ಮುಂದೆ ಅಟ್ಟಿ, ಕನ್ನಡಕದಾಕೆಯನ್ನು ಮಾತ್ರ ನಿಲ್ಲಿಸಿ, ತಾನು ಕುಡಿಯಲು ತಂದ ನೀರನ್ನೆಲ್ಲ ಅದರ ಮೇಲೆ ಸುರಿದ. ಮೀನುಗಳು ಕೆಂಪಾಗಿ, ಹಸಿರಾಗಿ ಎದ್ದುಬಂದವು.

"ಎಲ್ಲರಿಗೂ ಹೀಗೇ ತೋರಿಸ್ತೀಯೇನಪ್ಪ?" ಎಂದು ಆಕೆ ಮೊದಲ ಬಾರಿಗೆ ಬಾಯಿಬಿಟ್ಟಳು.

"ಛೇ, ಎಲ್ಲರಿಗೂ ಯಾಕೆ ಮೇಡಂ? ಯಾರಿಗೆ ತೋರಿಸ್ಬೇಕು ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತೆ."

"ಓಹೋ," ಎಂದು ಆಕೆ ತಲೆವಸ್ತ್ರ ಸರಿಮಾಡಿಕೊಂಡಳು. ಬಾಣ ನಾಟಿತು ಎಂದು ಮಹರೆಜ್ ಒಳಗೇ ಹಿಗ್ಗಿದ.

ಗುಂಪು ಚದುರುವಾಗ ಮುದುಕಿ ಮಾತ್ರ ಅವನ ಮುಂದೆ ಬಂದು ನಿಂತಳು. ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನ ಕಟ್ಕೊಳ್ಳೋಳನ್ನ ದೇವ್ರೇ ಕಾಯ್ಬೇಕು," ಎಂದು ಹೊರಟುಹೋದಳು.

ಆಗ ಅವನಿಗೆ ಹೊಳೆಯಿತು. ಕುಲ ಕೇಳಿದವಳು ಅವಳು, ತಾಯಿಯನ್ನು ಕೇಳಿದವಳು ಅವಳು, ಸಂಪಾದನೆ ಕೇಳಿದವಳೂ ಅವಳೇ. ಹೆಣ್ಣಿನ ಕಡೆಯವರು ಬೇರೆ ಏನು ಕೇಳುತ್ತಾರೆ? ಕಂಡಕಂಡವರನ್ನು ಮೂರ್ಖರೆಂದು ಹಂಗಿಸುತ್ತಿದ್ದವನು ಈಗ ತನ್ನನ್ನೇ ಬೈದುಕೊಂಡ. ವಿದಾದ್ ಇಲ್ಲದ ಬದುಕನ್ನು ನೆನೆದು ಅವನಿಗೆ ನಿಜವಾಗಿಯೂ ಅಳು ಬಂತು. ಆ ಸಂಜೆ ಹತ್ತಿರದ ತೆಬುರ್ಸುಕ್ ಪೇಟೆಯ ಕಾಫಿ ಅಂಗಡಿಯಲ್ಲಿ ಅವನ ಮುಂದಿದ್ದ ಲೋಟ ಮುಟ್ಟದೆ ತಣ್ಣಗಾಯಿತು.

ಹಮ್ಮಾದಿ ಬೇಜಾದಿಂದ ಬಂದವನೇ ಎದುರಿನ ಕುರ್ಚಿಯಲ್ಲಿ ಕುಸಿದ.

"ಆ ಮುದುಕಿನೇ ತಾನೇ ಶಾದ್ಲಿಯಾ?" ಎಂದು ಕೇಳಿದ ಮಹರೆಜ್.

"ಯಾವ ಮುದುಕಿ? ಕಪ್ಪು ಕನ್ನಡಕ ಹಾಕ್ಕೊಂಡು, ಜೋರಾಗಿದಾರಪ್ಪ. ಈಗಷ್ಟೇ ಕಣ್ಣಾರೆ ನೋಡಿ ಬಂದೆ."

ಮಹರೆಜ್‌ಗೆ ಹೋದ ಜೀವ ಬಂತು. ಮೇಜು ಕುಟ್ಟಿ ಇಬ್ಬರಿಗೂ ಬಿಸಿ ಕಾಫಿ ಹೇಳಿದ. ತನ್ನ ಕಣ್ಣು ಎಂದೂ ಮೋಸಹೋಗುವುದಿಲ್ಲ ಎಂದು ಕೊಚ್ಚಿಕೊಂಡ. ಹಮ್ಮಾದಿ ನಗಲಿಲ್ಲ. ಜನರನ್ನು ಜಾಡಿಸಿದ್ದು, ಮುದುಕಿಯನ್ನು ಗದರಿದ್ದು ಎಲ್ಲ ಆಕೆಗೆ ಹಿಡಿಸಿತಂತೆ, ಗಂಡಸಾದವನು ಹಾಗೇ ಬಿಗಿಯಾಗಿರಬೇಕು ಎಂದಳಂತೆ.

"ಆದ್ರೆ, 'ಗುರುತು ಪರಿಚಯ ಇಲ್ಲದ, ಐವತ್ತು ದಾಟಿದ ನನ್ನನ್ನೇ ಬಿಡದವನು ಇನ್ಯಾರನ್ನ ಬಿಟ್ಟಾನು, ಈ ಹೆಣ್ಣುಬಾಕನಿಗೆ ನಮ್ಮ ಹುಡುಗೀನ ಕೊಡಲ್ಲ' ಅಂದ್ಬಿಟ್ರು ಕಣೋ."