ಹತ್ತೊಂಬತ್ತರ ಒಳಗೆ

“ಇಪ್ಪತ್ತಮೂರು ಬೇಡ, ಹತ್ತೊಂಬತ್ತರ ಒಳಗೆ ಕೊಡಿ,” ಎಂದು ಸಂಗೀತಾ ಮೂರನೆಯ ಸಲ ಹೇಳಿದಾಗ ಫೋನಿನ ಆ ಕಡೆಯ ಎಚ್‌ಆರ್ ಹುಡುಗಿಗೆ ಸೋಜಿಗವಾಯಿತು. ಇಂಟರ್ವ್ಯೂ ಮುಂದೂಡಿ ಎಂದು ಗೋಗರೆಯುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಬೇಗ ಮುಗಿಸಿ ಎಂದು ಪ್ರಾಣ ಹಿಂಡುವವರು ಇವರೊಬ್ಬರೇ. ಕೊನೆಗೆ ಹದಿನೆಂಟನೇ ತಾರೀಕು ಸಿಕ್ಕಿತು. ಪ್ರಾಡಕ್ಟ್ ಮ್ಯಾನೇಜರ್ ಹುದ್ದೆ, ಕೊನೆಯ ಸುತ್ತು, ಎದುರುಬದುರು ನಲವತ್ತೈದು ನಿಮಿಷ.

ಇಂಟರ್ವ್ಯೂ ಮಾಡುವವರು ಬದರಿನಾಥ ಎಂದು ಹುಡುಗಿ ತಿಳಿಸಿದಳು. ಸ್ವಲ್ಪ ವಿಚಿತ್ರದ ಮನುಷ್ಯ, ಏಳು ವರ್ಷದಿಂದ ಅದೇ ಸೀಟು, ಪ್ರಮೋಷನ್ ಮನೆಬಾಗಿಲಿಗೆ ಬಂದರೂ ಒಲ್ಲೆ ಅಂದವರು ಎಂದೂ ಸೇರಿಸಿದಳು. ಸಂಬಳದ ವಿಷಯ ಕೇಳೋದಿದೆಯಾ ಎಂದಾಗ ಸಂಗೀತಾ ಇಲ್ಲವೆಂದಳು.

ಗಂಡ ಶಿವರಾಜ್‌ಗೆ ಇದು ಸುತರಾಂ ಹಿಡಿಸಿರಲಿಲ್ಲ. ಎರಡು ವರ್ಷದಲ್ಲಿ ಆ ಕಂಪನಿಯಿಂದ ಹದಿನಾಲ್ಕು ಸಲ ‘ವಿಷಾದಿಸುತ್ತೇವೆ’ ಎಂಬ ಇ-ಮೇಲ್ ಬಂದಿತ್ತು. ಹದಿನಾಲ್ಕಕ್ಕೂ ಒಂದೇ ಒಕ್ಕಣೆ, ಕೆಳಗೆ ಒಬ್ಬರ ಹೆಸರೂ ಇಲ್ಲ. ಬೇರೆಯವರಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರು. ಇವಳು ಎಂಟು ತಿಂಗಳಿಂದ ಹೊಸಕೆರೆಹಳ್ಳಿಯ ಆ ಪುಟ್ಟ ಮನೆಯಲ್ಲಿ ಊಟದ ಮೇಜನ್ನೇ ಪರೀಕ್ಷೆಯ ಕೋಣೆ ಮಾಡಿಕೊಂಡಿದ್ದಳು. ಮೇಜಿಗೆ ಮೂರು ಕುರ್ಚಿ; ಮೂರನೆಯದರ ಮೇಲೆ ಪುಸ್ತಕಗಳ ರಾಶಿ. ನಡುವೆ ಬಿಟಿಎಮ್‌ನ ಕಂಪನಿಯೊಂದು ತಾನಾಗಿ ಕರೆದು ಕೆಲಸ ಕೊಡುತ್ತೇನೆಂದಿತು. ಹೋಗಲಿಲ್ಲ. ಬೇಕಾದರೆ ಇದೇ ಬೇಕು.

“ಸಾಕು ಬಿಡು ಸಂಗೀತಾ,” ಎಂದ ಶಿವರಾಜ್, ಹದಿನೆಂಟರ ಬೆಳಿಗ್ಗೆ. “ಸಿಗ್ಲಿಲ್ಲ ಅಂದ್ರೆ ನಿನ್ ಕೈಲಿ ತಡ್ಕೊಳ್ಳೋಕಾಗಲ್ಲ.”

“ಕೇಳ್ದೆ ಅಂತಾದ್ರೂ ಇರುತ್ತಲ್ಲ.”

ಸಾರಕ್ಕಿ ಸಿಗ್ನಲ್‌ನಲ್ಲಿ ಆಟೊ ಕದಲುವುದೇ ಇಲ್ಲವೆಂದು ಗೊತ್ತಿದ್ದವಳು ಎರಡು ಗಂಟೆ ಮೊದಲೇ ಹೊರಟಿದ್ದಳು. ಜೆ.ಪಿ. ನಗರದ ಆ ಗಾಜಿನ ಕಟ್ಟಡದೊಳಗೆ ಕಾಲಿಟ್ಟಾಗ ಇನ್ನೂ ಅರ್ಧ ಗಂಟೆ ಉಳಿದಿತ್ತು.

ಬದರಿನಾಥ ಐವತ್ತು ದಾಟಿದವರು, ನೆರೆತ ತಲೆ, ಮೆದು ಮಾತು. ಮೇಜಿನ ಮೇಲೆ ಎರಡು ಫೋನು. ಒಂದು ಹೊಸದು. ಇನ್ನೊಂದು ಓಬೀರಾಯನ ಕಾಲದ್ದು, ಮೂಲೆಯಲ್ಲಿ ಗಾಜು ಸೀಳಿತ್ತು, ಪೂರ್ತಿ ಚಾರ್ಜ್ ಆಗಿದ್ದರೂ ವೈರು ಕಳಚಿರಲಿಲ್ಲ.

ಎರಡು ವರ್ಷ ಕೆಲಸ ಬಿಟ್ಟಿದ್ದೇಕೆ ಎಂದು ಕೇಳಿದರು. ಮನೆ ಕಡೆ ಕಾರಣ ಎಂದಳು. ಬೇರೆಯವರಾಗಿದ್ದರೆ ಕೆದಕುತ್ತಿದ್ದರು, ಇವರು ಅವಳ ಮುಖ ನೋಡಿ ಹಾಳೆ ಮಗುಚಿದರು.

ಆಮೇಲೆ ಬಂತು ಮುಖ್ಯ ಪ್ರಶ್ನೆ. ಕಂಪನಿಯ ಯಾವುದಾದರೂ ಒಂದು ಸೌಲಭ್ಯ ಆರಿಸಿಕೊಂಡು ಅದನ್ನು ಹೇಗೆ ಉತ್ತಮಗೊಳಿಸುತ್ತೀರಿ? ಎಲ್ಲರೂ ಮ್ಯಾಪು, ಪೇಮೆಂಟು ಎನ್ನುವ ಕಡೆ ಸಂಗೀತಾ ಪಾಸ್‌ವರ್ಡ್ ಕೇಳುವ ಪುಟವನ್ನು ಆರಿಸಿದಳು.

“ಬಳಸೋರು ಯಾರು? ಪಾಸ್‌ವರ್ಡ್ ಮರೆತವ್ರಾ?”

“ಮರೆತವ್ರಲ್ಲ ಸಾರ್. ಗೊತ್ತೇ ಇಲ್ದಿರೋರು.”

ಬದರಿನಾಥರ ಪೆನ್ನು ನಿಂತಿತು. ಅವಳು ಮೂವತ್ತು ನಿಮಿಷ ಒಂದೇ ಸಮನೆ ಹೇಳುತ್ತಾ ಹೋದಳು, ಅವರು ನಡುವೆ ಬಾಯಿ ಹಾಕಲಿಲ್ಲ. ಒಮ್ಮೆ ಮಾತ್ರ ಹಳೆಯ ಫೋನನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು.

ಕೊನೆಗೆ ಗಡಿಯಾರ ನೋಡಿದರು. “ಐದು ನಿಮಿಷ ಇದೆ. ನೀವೇನಾದ್ರೂ ಕೇಳೋದಿದ್ಯಾ ಮೇಡಂ?”

ಎಲ್ಲ ಇಂಟರ್ವ್ಯೂಗಳಲ್ಲೂ ಇರುವ ಉಪಚಾರದ ಮಾತು. ಬಂದವರು ಟೀಮ್ ಹೇಗಿದೆ ಎನ್ನುತ್ತಾರೆ, ಕೈ ಕುಲುಕಿ ಹೊರಡುತ್ತಾರೆ. ಸಂಗೀತಾ ಎಂಟು ತಿಂಗಳು ಓದಿದ್ದು ಈ ಐದು ನಿಮಿಷಕ್ಕೆ. ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

“ನನ್ ಮಗಳು ಪ್ರೇರಣಾ ತೀರ್ಕೊಂಡು ನಾಳೆಗೆ ಎರಡು ವರ್ಷ. ಹದಿನೇಳು ವಯಸ್ಸು. ಅವಳ ಫೋಟೊ, ಹಾಡು, ನಗು ಎಲ್ಲಾ ನಿಮ್ ಕಂಪನಿ ಅಕೌಂಟಲ್ಲಿದೆ. ಪಾಸ್‌ವರ್ಡ್ ನಮಗೆ ಗೊತ್ತಿಲ್ಲ. ಈಚೆಗೆ ತೆರೆದ ಅಕೌಂಟುಗಳನ್ನ ಎರಡು ವರ್ಷ ಯಾರೂ ತೆಗೀದಿದ್ರೆ ಅಳಿಸ್ಬಿಡ್ತೀವಿ ಅಂತ ನಿಮ್ ರೂಲು. ಹದಿನಾಲ್ಕು ಸಲ ಫಾರ್ಮ್ ತುಂಬಿದೆ, ಒಬ್ಬ ಮನುಷ್ಯನೂ ಮಾತಾಡ್ಲಿಲ್ಲ. ಇಂಟರ್ವ್ಯೂಗಾದ್ರೆ ಎದುರಿಗೆ ಮನುಷ್ಯರು ಕೂತ್ಕೋತಾರೆ ಅಂತ ಬಂದೆ. ನಂಗೆ ಕೆಲ್ಸ ಬೇಡ ಸಾರ್. ಯಾರನ್ನ ಕೇಳ್ಬೇಕು, ಅಷ್ಟು ಹೇಳಿ ಸಾಕು.”

ಬದರಿನಾಥ ಪೆನ್ನು ಕೆಳಗಿಟ್ಟರು. ಹಳೆಯ ಫೋನಿನ ವೈರು ಕಳಚಿ ಅದನ್ನು ಅವಳ ಮುಂದಿಟ್ಟರು. ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಅದೇ ಪುಟವಿತ್ತು.

“ನನ್ ಹೆಂಡ್ತೀದು,” ಎಂದರು. “ಇದನ್ನ ಕೇಳೋಕೇ ನಾನೂ ಇಲ್ಲಿ ಕೆಲಸಕ್ಕೆ ಸೇರಿದ್ದು ಮೇಡಂ. ಏಳು ವರ್ಷ ಆಯ್ತು, ಯಾರನ್ನ ಕೇಳ್ಬೇಕು ಅಂತ ಇನ್ನೂ ಗೊತ್ತಾಗಿಲ್ಲ.”