ಒಳಗೆ ಬಿಟ್ಟ ಬಟ್ಟೆ

ಪೆನ್ನಿನ ಮುಚ್ಚಳ ತೆಗೆದ ದರ್ಜಿ ಜಾಮೀನು ಪತ್ರಕ್ಕೆ ಸಹಿ ಮಾತ್ರ ಹಾಕಲಿಲ್ಲ. ಸರ್ಕಾರದ ಖರ್ಚಿನಲ್ಲಿ ಎರಡು ವರ್ಷ ಹೊರದೇಶದಲ್ಲಿ ಓದಲು ಅಣ್ಣನ ಮಗಳು ಅರ್ಜಿ ಹಾಕುತ್ತಿದ್ದಳು. ಓದು ಮುಗಿಸಿ ಅವಳು ವಾಪಸ್ ಬರದಿದ್ದರೆ ಜಾಮೀನು ನಿಂತ ಇವನ ಅಂಗಡಿಗೇ ಬೀಗ.

"ಬರ್ತೀಯ ತಾನೇ?"

"ಅಯ್ಯೋ, ಬರದೆ ಇನ್ನೆಲ್ಲಿಗೆ ಹೋಗ್ಲಿ ಚಿಕ್ಕಪ್ಪ?"

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿದ್ಧವಾಗಿತ್ತು. ಅವನಿಗೆ ಹಿಡಿಸದೇ ಹೋದದ್ದು ಅದೇ. ಅವನು ಅವಳ ಕಣ್ಣು ನೋಡಿದ. ಅವಳು ಮೇಜಿನ ಮೇಲೆ ಹರಡಿದ್ದ ಉಣ್ಣೆ ಬಟ್ಟೆ ನೋಡಿದಳು. ಆಯ್ಕೆಯಾದರೆ ಅಲ್ಲಿನ ಚಳಿಗಿರಲಿ ಎಂದು ಕೋಟು ಹೊಲಿಸಲು ಅವಳೇ ತಂದದ್ದು.

"ಹೊಲಿಗೆ ಒಳಗೆ ಸ್ವಲ್ಪ ಜಾಸ್ತಿನೇ ಬಟ್ಟೆ ಬಿಡಿ," ಎಂದಳು ಮಾತು ಮರೆಸಲು. "ಮುಂದೆ ದಪ್ಪಗಾದ್ರೆ ಬಿಚ್ಚಿಸ್ಕೋಬಹುದು."

"ಎರಡು ವರ್ಷ ಹಾಕೋ ಕೋಟ್‌ಗೆ ಅದ್ಯಾಕಮ್ಮಾ? ಬಂದ್ಮೇಲೆ ಹೊಸದು ಹೊಲಿದುಕೊಡೋಕೆ ನಾನಿಲ್ವಾ?"

ಅವಳ ಮುಖ ಬಿಳಿಚಿತು.

ದರ್ಜಿ ತನ್ನ ಹೊಲಿಗೆ ಯಂತ್ರಗಳತ್ತ ಒಮ್ಮೆ ಕಣ್ಣಾಡಿಸಿ ಸಹಿ ಹಾಕಿದ. ಆಮೇಲೆ ಸೀಮೆಸುಣ್ಣ ಎತ್ತಿಕೊಂಡು, ಉಣ್ಣೆಯ ಮೇಲೆ ಕತ್ತರಿಸಲೆಂದು ಮೊದಲೇ ಎಳೆದಿದ್ದ ಗೆರೆಯನ್ನು ಅಂಗೈಯಿಂದ ಒರೆಸಿ, ಮೂರು ಬೆರಳಗಲ ಆಚೆಗೆ ಹೊಸದಾಗಿ ಎಳೆದ.